ರೇಸಿನ ಭಾವ

ಬೀದಿಯ ಇಸ್ತ್ರಿಯವನು ಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸುತ್ತಿದ್ದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಅಕ್ಕನ ಗಂಡ ನೆನಪಾದರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಭಾವ ಶಿರಾ–ಮಧುಗಿರಿ ಬಸ್ಸಿನ ಡ್ರೈವರು.

ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಒಬ್ಬ ಬಿಳಿ ದೊರೆಯ ಬಳಿ ಕೆಲಸಕ್ಕಿದ್ದರು. ದೊರೆಗೆ ರೇಸಿನ ಹುಚ್ಚು. ಅವನ ಮೋಟಾರ್ ಸೈಕಲ್ಲು, ಸೂರಿಲ್ಲದ ರೇಸ್ ಕಾರು, ಎರಡನ್ನೂ ಭಾವ ಓಡಿಸಿದ್ದರು. ಊಟಕ್ಕೆ ಕೂತರೆ ಅದೇ ಪುರಾಣ. "ಮೋಟ್ರು ಸೈಕಲ್ ಬಿದ್ರೆ ಚರ್ಮ ಕಿತ್ತೋಯ್ತದೆ, ಕೈ ಬುಟ್ಬುಡ್ಬೇಕು. ಕಾರು ಮಗುಚ್ತು ಅಂದ್ರೆ ಹಾರ್ಬುಡ್ಬೇಕು. ಒಳಗೇ ಕುಂತೋನು ಕೆಟ್ಟ ಕಣಮ್ಮ." ಆಗ ಸೀಟಿನಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುವುದು ಎಲ್ಲಿತ್ತು? ಹೊರಗೆ ಬಿದ್ದವನೇ ಬದುಕುತ್ತಾನೆ ಎಂದು ನಂಬಿದ್ದರು. ಒಮ್ಮೆ ಹಾಗೆ ಹಾರಿ ಬದುಕಿ ಬಂದವರೇ ಅವರು.

"ಬಸ್ಸಲ್ಲೂ ಅಂಗೇ ಹಾರ್ಬುಡಿ. ಆಣೆ ಮಾಡಿ," ಅಂದಳು ಅಕ್ಕ ಒಂದು ದಿನ. ಭಾವ ನಕ್ಕು ಮುದ್ದೆ ಮುರಿದರು. ಆಣೆ ಮಾಡಲಿಲ್ಲ.

ಅಕ್ಕನ ಭಯ ಸುಳ್ಳಲ್ಲ. ಎದುರು ಕಂಪನಿಯ ಬಸ್ಸಿಗಿಂತ ಮುಂಚೆ ಊರು ಮುಟ್ಟಿದವರಿಗೇ ಜನ. ಆ ಇದ್ದಿಲು ಬಸ್ಸಿನದೂ ಒಂದು ರೇಸೇ! ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಇಳಿಜಾರು ಬಂತೋ, ತಳ್ಳಿದವರೇ "ಹೊಡಿ ಡ್ರೈವರಣ್ಣ, ಬುಡಬ್ಯಾಡ" ಎಂದು ಕೂಗುತ್ತಿದ್ದರು. "ರೇಸಲ್ಲಿ ಎಲ್ರೂ ಒಂದೇ ಕಡೀಕೆ ಹೋಗ್ತಾರೆ. ಇಲ್ಲಿ ಎದುರ್ಗೆ ಎತ್ತಿನ ಗಾಡಿ, ಹಿಂದ್ಗಡೆ ಊರೋರೆಲ್ಲ. ಇದ್ರಷ್ಟು ಅಪಾಯದ್ದು ಯಾವ್ದೂ ಇಲ್ಲ," ಅನ್ನುತ್ತಿದ್ದರು ಭಾವ. ಅಂದರೂ ಹೊಡೆಯುತ್ತಿದ್ದರು. ಹಾಳು ಚಪಲ...

ಆ ದಿನ ನಾನು ಅವರ ಬೆನ್ನ ಹಿಂದಿನ ಹೆಂಗಸರ ಬೆಂಚಿನಲ್ಲಿದ್ದೆ. ಎದುರು ಕಂಪನಿಯವನು ಮುಂದೆ ಹೋದ. ಅವನನ್ನು ಹಿಡಿಯಲು ಹೋಗಿ ಇಳಿಜಾರಿನ ತಿರುವಿನಲ್ಲಿ ನಮ್ಮ ಬ್ರೇಕು ಕೈಕೊಟ್ಟಿತು. ಎಡಕ್ಕೆ ತುಂಬಿದ ಕೆರೆ. ಭಾವ ಸ್ಟೇರಿಂಗನ್ನು ಅಪ್ಪಿ ಹಿಡಿದು ಬಲಗಡೆಯ ಬಂಡೆಗೆ ತಿರುಗಿಸಿದರು, ತಾವು ಕೂತ ಕಡೆಗೆ. ನಮಗೆಲ್ಲ ತರಚು ಗಾಯ. ಭಾವ ಉಳಿಯಲಿಲ್ಲ.

ದೇವರಂಥ ಮನುಷ್ಯ ಅಂದಿತು ಊರು. ಬದುಕಿದವರು ಬಂದು ಅಕ್ಕನ ಕಾಲು ಮುಟ್ಟಿ ಹೋದರು. ಅವಳು ಅಳಲಿಲ್ಲ. ನಾನೂ ಅಳಲಿಲ್ಲ, ನನಗೇನೂ ಅನ್ನಿಸಲೇ ಇಲ್ಲ. ಮನೆ ಖಾಲಿಯಾದ ಮೇಲೆ ನನ್ನ ಹಣೆಯ ಗಾಯಕ್ಕೆ ಅರಿಶಿನ ಹಚ್ಚುತ್ತಾ ಕೇಳಿದಳು.

"ಅವ್ರ ಕಡೆ ಬಾಗ್ಲು ಹಾಕಿತ್ತೇನೇ?"

"ಬಾಗ್ಲೇ ಇರ್ಲಿಲ್ಲ ಕಣಕ್ಕ."

"ಅಂಗಾದ್ರೆ ಹಾರ್ಬೋದಿತ್ತು," ಅಂದಳು.

ಈಗ ಭಾವನೂ ಇಲ್ಲ, ಅಕ್ಕನೂ ಇಲ್ಲ. ಮೊಮ್ಮಗ ಟೀವಿಯಲ್ಲಿ ಕಾರ್ ರೇಸು ನೋಡುತ್ತಾನೆ. ಕಾರು ಪಲ್ಟಿ ಹೊಡೆದು ಚೂರಾದರೂ ಒಳಗಿದ್ದವನು ಪಟ್ಟಿ ಬಿಚ್ಚಿ ನಡೆದು ಬರುತ್ತಾನೆ. "ನೋಡಜ್ಜಿ, ಏನೂ ಆಗಿಲ್ಲ!" ಅನ್ನುತ್ತಾನೆ ಹುಡುಗ. ನಾನು ಹೂಂ ಅನ್ನುತ್ತೇನೆ. ಆವತ್ತು ಅಕ್ಕನ ಮಾತಿಗೆ ಮಾತ್ರ ನನ್ನಿಂದ ಹೂಂ ಅನ್ನಲಾಗಲಿಲ್ಲ. ಭಾವ ಹಾರಿದ್ದರೆ ಈ ಹುಡುಗನಿಗೆ ಅಜ್ಜಿಯೇ ಇರುತ್ತಿರಲಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು.