ಬಸಪ್ಪಣ್ಣನ ಸೌಟು

ನೋಡ್ರಪ್ಪ, ಇವತ್ತು ನಿಜ ಹೇಳಿ ಆಫೀಸಲ್ಲಿ ಬೈಸಿಕೊಂಡೆ. ಹೋದ ವಾರ ತೀರಿಕೊಂಡ ಬಸಪ್ಪಣ್ಣನಿಗೆ ನಮ್ಮ ಖಿದಿರ್‌ಪುರದ ಗೋದಾಮಿನಲ್ಲಿ ಶ್ರದ್ಧಾಂಜಲಿ ಸಭೆ. ಧಾರವಾಡದವರು, ಮಿಲಿಟರಿಯಿಂದ ನಿವೃತ್ತರಾಗಿ ಬಂದು ಒಂಬತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವರು.

ಮ್ಯಾನೇಜರ್ ಚಟರ್ಜಿ ಬಾಬು ಮೈಕ್ ಹಿಡಿದು, "ಶತ್ರುವಿನ ಗುಂಡಿಗೆ ಎದೆಯೊಡ್ಡಿದ ವೀರ!" ಅಂದರು. ಚಪ್ಪಾಳೆ ಬೇರೆ.

ನನಗೆ ತಡೆಯಲಾಗಲಿಲ್ಲ. "ಸಾರ್, ಅವರು ಮಿಲಿಟರಿಯಲ್ಲಿ ಅಡುಗೆಯವರಾಗಿದ್ದರು" ಅಂದೆ. "ಹದಿನೇಳು ವರ್ಷ ನಾ ಹಿಡದದ್ದು ಸೌಟ್ರೀ, ಬಂದೂಕಲ್ಲ" ಅಂತ ಬಸಪ್ಪಣ್ಣನೇ ಎದೆಯುಬ್ಬಿಸಿ ಹೇಳುತ್ತಿದ್ದರು.

ಚಟರ್ಜಿ ಬಾಬು ಕೆಂಡವಾದರು. "ಸತ್ತವರಿಗೆ ಹೀಗೆಲ್ಲ ಅವಮಾನ ಮಾಡಬಾರದು!" ಇಡೀ ಸಭೆ ನನ್ನನ್ನೇ ದುರುಗುಟ್ಟಿ ನೋಡಿತು. ಪ್ರತಿ ವಿಶ್ವಕರ್ಮ ಪೂಜೆಗೆ ಬಸಪ್ಪಣ್ಣ ಮಾಡಿದ ಖಿಚುಡಿಯನ್ನು ಮೂರು ಮೂರು ಸಲ ಬಡಿಸಿಕೊಂಡು ತಿಂದ ಸಭೆ ಅದು.

ಎಲ್ಲ ಮುಗಿದ ಮೇಲೆ ಚಟರ್ಜಿ ಬಾಬು ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದರು: "ಅವರು ಖಿಚುಡಿಗೆ ಅದೇನು ಹಾಕುತ್ತಿದ್ದರು? ನಿಮಗೇನಾದರೂ ಹೇಳಿದ್ದರಾ?"

ಹೇಳಿದ್ದರು. ಆದರೂ ನಾನು, "ಅಂಥ ವೀರರು ಮಿಲಿಟರಿ ಗುಟ್ಟು ಬಿಟ್ಟುಕೊಡ್ತಾರಾ ಸಾರ್?" ಅಂದೆ.