ರಾಗಿ ಡಬ್ಬದೊಳಗಿನ ಫೋನು

ಮಾತೆ ಮರಿಯಮ್ಮನ ಜಪಸರದ ಮೂರನೇ ಹತ್ತು ಮಣಿ ಮುಗಿಯುವಷ್ಟರಲ್ಲಿ ನಾನು ಫೋನನ್ನು ಆರು ಸಲ ನೋಡಿದ್ದೆ. ಯಜಮಾನರ ಕುತ್ತಿಗೆಯ ಗಡ್ಡೆಯ ರಿಪೋರ್ಟ್ ಬೆಂಗಳೂರಿನಿಂದ ಬರಬೇಕಿತ್ತು. ಕುದೂರಿನಲ್ಲಿ ನಮ್ಮ ಪಕ್ಕದ ಮನೆಯ ಜಯಮ್ಮ ರೇಷ್ಮೆ ಹುಳು ಸಾಕುವವಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಳಗೆ ಬಂದು ಫೋನ್ ಕಿತ್ತುಕೊಂಡಳು. ಅದನ್ನು ರಾಗಿ ಹಿಟ್ಟಿನ ಡಬ್ಬಕ್ಕೆ ಹಾಕಿ, ಮುಚ್ಚಳ ಬಿಗಿದು, ಅದರ ಮೇಲೆಯೇ ಕೂತಳು.

“ಹಣ್ಣಾದ ಹುಳನ ಬಿದಿರಿನ ಚಂದ್ರಿಕೆ ತಟ್ಟೆಗೆ ಬುಟ್ಮೇಲೆ, ಗೂಡು ಕಟ್ತಾ ಐತಾ ಅಂತ ಗಳಿಗೆಗೊಂದ್ಸಲ ಅಲ್ಲಾಡ್ಸುದ್ರೆ ಗೂಡೇ ಕೆಟ್ಟೋಯ್ತದೆ ಕಣಕ್ಕ. ನಿಮ್ಮ ಮರಿಯಮ್ಮನ್ಗೂ ಒಸಿ ಕೆಲ್ಸ ಮಾಡಾಕ್ ಬುಡು.”

ನಾಲ್ಕನೇ ಹತ್ತರಲ್ಲಿ ಡಬ್ಬ ರಿಂಗಾಯಿತು. ನಾನು ಎದ್ದೆ. ಜಯಮ್ಮ ಅಲುಗಲಿಲ್ಲ. “ಇನ್ನೆಷ್ಟು ಮಣಿ ಐತೆ?” ಎಂದಳು. ಮತ್ತೆ ಮೊಣಕಾಲೂರಿ, ಉಳಿದ ಮಣಿಗಳಲ್ಲಿ ಒಂದನ್ನೂ ಹಾರಿಸದೆ ಹೇಳಿ ಮುಗಿಸಿದೆ. ಹಿಟ್ಟು ಕೊಡವಿ ನೋಡಿದರೆ, ಅದು ಕಾಲರ್ ಟ್ಯೂನ್ ಮಾರುವವರ ಕರೆ.

ರಿಪೋರ್ಟ್ ಮರುದಿನ ಬಂತು, ಹೆದರುವಂಥದ್ದೇನೂ ಇರಲಿಲ್ಲ. ಈಗ ಜಪಸರ ಹಿಡಿಯುವ ಮೊದಲು ನಾನೇ ಫೋನನ್ನು ಡಬ್ಬಕ್ಕೆ ಹಾಕುತ್ತೇನೆ. ದೇವರ ಮೇಲೆ ನಂಬಿಕೆ ಬಂದಿದೆ. ನನ್ನ ಕೈಯ ಮೇಲೆ ಇನ್ನೂ ಬಂದಿಲ್ಲ.