ಸಣ್ಣಸ್ವಾಮಣ್ಣನ ಹಳೇ ದೆವ್ವ

ಹಳೆಯ ದೆವ್ವದ ಸಿನಿಮಾವನ್ನು ಯಾರೋ ಹೊಸದಾಗಿ ತೆಗೆದಿದ್ದಾರೆಂದು ಗೊತ್ತಾದರೆ ಸಾಕು, ನಮ್ಮ ಶಾಂತಿಗ್ರಾಮದ ಸಣ್ಣಸ್ವಾಮಣ್ಣ ಬಸ್ಸು ಹತ್ತಿ ಹಾಸನದ ಟಾಕೀಸಿಗೆ ಹೋಗಿ ಕೂತು, ಪರದೆಯ ಮೇಲೆ ಬಾಗಿಲು ಕಿರ್ರೆಂದ ಕೂಡಲೇ ಇಡೀ ಸಾಲಿಗೆ ಕೇಳುವಂತೆ "ಅಳೇದೇ ಚೆಂದಾಕಿತ್ತು ಕಣ್ರಲಾ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮರುದಿನ ಡೇರಿಯಲ್ಲಿ ಹಾಲಿನ ಕ್ಯಾನು ಹಿಡಿದು ನಿಂತವರ ಮುಂದೆ ಹೋಲಿಕೆ ಶುರುವಾಗುತ್ತದೆ: ಹಳೇ ದೆವ್ವ ಮರ್ಯಾದಸ್ಥೆ, ನಡೆದುಕೊಂಡೇ ಬರುತ್ತಿದ್ದಳು, ಹೊಸದು ಹಲ್ಲಿಯ ಹಾಗೆ ಸೂರಿಗೆ ಅಂಟಿಕೊಳ್ಳುತ್ತದೆ. ಅಷ್ಟು ಹೇಳುವುದರೊಳಗೆ ಅವರಿಗೇ ಗೊಂದಲ. "ತಡೀರ್ಲಾ, ಆ ದೆವ್ವದ್ ಬಾವಿ ಅಳೇದ್ರಲ್ಲಿತ್ತಾ, ಒಸದ್ರಲ್ಲಿತ್ತಾ?" ಎಂದು ತಲೆ ಕೆರೆದುಕೊಂಡು, ಬಾವಿಯನ್ನು ಎರಡರಲ್ಲೂ ತೋಡಿ, ಕೊನೆಗೆ ಎರಡರಲ್ಲೂ ಮುಚ್ಚಿಬಿಡುತ್ತಾರೆ. ಹಳೇ ದೆವ್ವದ ಮುಖ ಹೇಗಿತ್ತೆಂದು ನಾನೊಮ್ಮೆ ಕೇಳಿದೆ. ಸಣ್ಣಸ್ವಾಮಣ್ಣ ಪೆಚ್ಚಾದರು. "ನಾನೆಲ್ಲಿ ನೋಡ್ದೆ ಸಾ? ಮಕದ್ ಮ್ಯಾಲೆ ಟವಲ್ ಆಕ್ಕಂಡು ಕುಂತಿರ್ತಿದ್ದೆ. ನಮ್ಮನೆಯವ್ಳು ಕಾಮಾಕ್ಷಿ ನೋಡ್ಕಂಡು, ಏನಾಯ್ತಾದೆ ಅಂತ ಕಿವೀಲಿ ಯೋಳೋಳು. ಅವ್ಳು ತೀರ್ಕಂಡ್ ಮ್ಯಾಕೆ ನಾನೇ ಕಣ್ ಬುಟ್ಕಂಡು ನೋಡ್ತೀನಿ ಸಾ. ಯಾಕೋ ಕಾಣೆ, ಒಂಚೂರೂ ಎದ್ರಿಕೇನೇ ಆಗಲ್ವಲ್ಲ."